ಮೊದಲ ಬಾರಿ ಸ್ಪ್ಯಾನರ್ ಹಿಡಿಯುವಾಗ: ಬೈಕಿನ ಯಾವ ಕೆಲಸ ಮನೆಯಲ್ಲಿ, ಯಾವುದು ಗ್ಯಾರೇಜಿನಲ್ಲಿ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. 2016ರ ಮಾಡೆಲ್ ಸ್ಪ್ಲೆಂಡರ್ ಪ್ಲಸ್ ಬೈಕನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ದಿನಕ್ಕೆ ಸುಮಾರು 40 ಕಿ.ಮೀ. ಓಡಿಸುತ್ತೇನೆ, ಅದರಲ್ಲಿ ಅರ್ಧದಷ್ಟು ಮಣ್ಣಿನ ರಸ್ತೆ. ಗ್ಯಾರೇಜಿಗೆ ಬಿಟ್ಟರೆ ಏನು ಮಾಡಿದರು, ಏನು ಬಿಟ್ಟರು ಎಂಬುದೇ ತಿಳಿಯುವುದಿಲ್ಲ. ಹೀಗಾಗಿ ಸರ್ವಿಸ್ ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಇದುವರೆಗೆ ಒಂದು ನಟ್ಟನ್ನೂ ಬಿಚ್ಚಿದವನಲ್ಲ. ಎಲ್ಲಿಂದ ಶುರು ಮಾಡಲಿ? ಏನೇನು ಸಾಮಾನು ಬೇಕು? ಯಾವುದಕ್ಕೆ ಕೈ ಹಾಕಬಾರದು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆರಡರ ಉತ್ತರ ಅದರಿಂದಲೇ ತೀರ್ಮಾನವಾಗುತ್ತದೆ. ಮಾಡಿ ಮುಗಿಸಿದ ಮೇಲೆ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ನೀವೇ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಅಥವಾ ಅಳತೆ ಹಿಡಿದು ತಿಳಿಯಬಹುದಾದ ಕೆಲಸವನ್ನು ಮನೆಯಲ್ಲಿ ಮಾಡಿ. ಹಾಗೆ ತಿಳಿಯಲಾಗದ ಕೆಲಸವನ್ನು, ಅದು ನೋಡಲು ಎಷ್ಟೇ ಸುಲಭವಾಗಿ ಕಂಡರೂ, ಸದ್ಯಕ್ಕೆ ಮೆಕ್ಯಾನಿಕ್‌ಗೆ ಬಿಡಿ. ಎಂಜಿನ್ ಆಯಿಲ್ ಬದಲಿಸಿದರೆ ಡಿಪ್‌ಸ್ಟಿಕ್ ತೆಗೆದು ಮಟ್ಟ ನೋಡಬಹುದು. ಚೈನ್ ಬಿಗಿ ಮಾಡಿದರೆ ಸ್ಕೇಲ್ ಹಿಡಿದು ಅಳೆಯಬಹುದು. ಆದರೆ ಕ್ಲಚ್ ಪ್ಲೇಟ್ ಜೋಡಿಸಿ ಕವರ್ ಮುಚ್ಚಿದ ಮೇಲೆ ಒಳಗಿನದು ಸರಿಯಿದೆಯೇ ಎಂದು ತಿಳಿಯಲು ಬೈಕ್ ಓಡಿಸಿಯೇ ನೋಡಬೇಕು, ಮತ್ತು ತಪ್ಪಾಗಿದ್ದರೆ ಅದು ತಿಳಿಯುವುದು ರಸ್ತೆಯ ಮೇಲೆ. ಹೊಸದಾಗಿ ಕಲಿಯುವವರು ‘ಸುಲಭ’ ಮತ್ತು ‘ಕಷ್ಟ’ ಎಂದು ಕೆಲಸಗಳನ್ನು ವಿಂಗಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ವಿಂಗಡಣೆಯಿಂದ ಪ್ರಯೋಜನವಿಲ್ಲ.

ನೀವು ಕೊಂಡಿರುವ ಬೈಕು ಕಲಿಯುವುದಕ್ಕೆ ಬಹಳ ಒಳ್ಳೆಯದು. 1994ರಲ್ಲಿ ಹೀರೋ ಹೋಂಡಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ ಮೂಲ ವಿನ್ಯಾಸದಲ್ಲಿ ಹೆಚ್ಚು ಬದಲಾಗದೆ ಉಳಿದುಕೊಂಡಿತು. ಸಿಲಿಂಡರ್ ಬಹುಮಟ್ಟಿಗೆ ಅಡ್ಡಲಾಗಿ ಮಲಗಿರುವುದರಿಂದ ಸ್ಪಾರ್ಕ್ ಪ್ಲಗ್ ಕೈಗೆ ಸುಲಭವಾಗಿ ಎಟಕುತ್ತದೆ. ಬಿಡಿಭಾಗಗಳು ತಾಲ್ಲೂಕು ಕೇಂದ್ರದ ಯಾವುದೇ ಅಂಗಡಿಯಲ್ಲಿ ಸಿಗುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಎಂಬ ಹೊಗೆ ನಿಯಂತ್ರಣ ನಿಯಮ ಜಾರಿಯಾದ ಮೇಲೆ ಬಂದ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಮತ್ತು ಸೆನ್ಸರ್‌ಗಳಿವೆ. ನಿಮ್ಮದರಲ್ಲಿ ಆ ಗೋಜಿಲ್ಲ. ವಾರಂಟಿ ಅವಧಿಯೂ ಮುಗಿದಿರುವುದರಿಂದ ಸರ್ವಿಸ್ ಪುಸ್ತಕದ ಮುದ್ರೆಗಾಗಿ ಶೋರೂಮಿಗೆ ಹೋಗಬೇಕಾದ ಒತ್ತಾಯವೂ ನಿಮಗಿಲ್ಲ.

ಯಾವ ಸಾಮಾನು ಕೊಳ್ಳುವುದಕ್ಕೂ ಮುನ್ನ ಓನರ್ಸ್ ಮ್ಯಾನ್ಯುಯಲ್ ಸಂಪಾದಿಸಿ. ಸೆಕೆಂಡ್ ಹ್ಯಾಂಡ್ ಬೈಕಿನ ಜೊತೆ ಅದು ಬಂದಿರುವುದು ಅಪರೂಪ. ಡೀಲರ್ ಬಳಿ ಕೇಳಿದರೆ ಸಿಗಬಹುದು. ಈ ಉತ್ತರದಲ್ಲಿ ನಾನು ಕೊಡುವ ಅಳತೆಗಳು ಈ ಬಗೆಯ ಬೈಕುಗಳಿಗೆ ಸಾಮಾನ್ಯವಾಗಿ ಹೊಂದುವಂಥವು. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು.

ಸಾಮಾನುಗಳ ವಿಷಯದಲ್ಲಿ ದೊಡ್ಡ ಪೆಟ್ಟಿಗೆಯ ಅಗತ್ಯವಿಲ್ಲ. 8, 10, 12, 14 ಮತ್ತು 17ರ ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ಎರಡು ಗಾತ್ರದ ಸ್ಟಾರ್ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್, ಹಳೆಯ ಹತ್ತಿ ಬಟ್ಟೆ, ಅಗಲವಾದ ತಟ್ಟೆ ಮತ್ತು ಕೈಗವಸು ಇದ್ದರೆ ಮೊದಲ ವರ್ಷಕ್ಕೆ ಸಾಕು. ಹಿಂದಿನ ಆ್ಯಕ್ಸಲ್‌ನ ನಟ್ಟುಗಳು ಇವುಗಳಿಗಿಂತ ದೊಡ್ಡವು, ಅಂಗಡಿಗೆ ಹೋಗುವ ಮುನ್ನ ಅವನ್ನು ಅಳೆದುಕೊಳ್ಳಿ. ಸ್ಪ್ಯಾನರ್ ಕೊಳ್ಳುವಾಗ ಒಂದು ಮಾತು ನೆನಪಿಡಿ: ನಟ್ಟಿನ ಸುತ್ತ ಪೂರ್ತಿ ಕೂರುವ ರಿಂಗ್ ಸ್ಪ್ಯಾನರ್ ಆರೂ ಬದಿಗಳನ್ನು ಹಿಡಿಯುತ್ತದೆ, ಬಾಯಿ ತೆರೆದ ಸ್ಪ್ಯಾನರ್ ಎರಡು ಬದಿಗಳನ್ನು ಮಾತ್ರ ಹಿಡಿಯುತ್ತದೆ. ಬಿಗಿಯಾಗಿ ಕೂತ ಬೋಲ್ಟನ್ನು ಬಾಯಿ ತೆರೆದ ಸ್ಪ್ಯಾನರ್‌ನಿಂದಲೋ ಪ್ಲೇಯರ್‌ನಿಂದಲೋ ತಿರುಗಿಸಲು ಹೋದರೆ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ, ಆಮೇಲೆ ಅದು ಯಾವ ಸ್ಪ್ಯಾನರ್‌ಗೂ ಸಿಗುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಸಂಖ್ಯೆ ಕಡಿಮೆ ಮಾಡಿ, ಗುಣಮಟ್ಟ ಕಡಿಮೆ ಮಾಡಬೇಡಿ.

ಮೊದಲ ಭಾನುವಾರ ಏನನ್ನೂ ಬಿಚ್ಚಬೇಡಿ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ತೊಳೆದು, ಒರೆಸಿ, ಹಗಲು ಬೆಳಕಿನಲ್ಲಿ ಸಾವಕಾಶವಾಗಿ ನೋಡಿ. ಎಂಜಿನ್ ಕೆಳಗೆ ಆಯಿಲ್ ಜಿನುಗಿದೆಯೇ, ಬ್ರೇಕ್ ಮತ್ತು ಕ್ಲಚ್ ಕೇಬಲ್‌ಗಳ ತುದಿಯಲ್ಲಿ ಎಳೆ ಬಿಚ್ಚಿಕೊಂಡಿದೆಯೇ, ಟೈರಿನ ಪಕ್ಕದಲ್ಲಿ ಬಿರುಕಿದೆಯೇ, ಯಾವ ಬೋಲ್ಟಿನ ಜಾಗ ಖಾಲಿ ಇದೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೈಕಿನಲ್ಲಿ ಹಿಂದಿನವರು ಮಾಡಿದ ಅಡ್ಡದಾರಿಯ ರಿಪೇರಿಗಳು ಇರುತ್ತವೆ, ಅವನ್ನು ಗುರುತಿಸುವುದೇ ಅರ್ಧ ಕೆಲಸ. ಅಂದೇ ಟೈರಿನ ಗಾಳಿಯನ್ನೂ ಪರೀಕ್ಷಿಸಿ. ಒಬ್ಬರೇ ಓಡಿಸುವಾಗ ಮುಂದೆ 25, ಹಿಂದೆ 28 ಪಿಎಸ್‌ಐ ಈ ಬೈಕಿಗೆ ರೂಢಿಯ ಒತ್ತಡ; ಹಿಂದೆ ಒಬ್ಬರು ಕೂತರೆ ಹಿಂದಿನ ಟೈರಿಗೆ ಇನ್ನೂ ಹೆಚ್ಚು ಬೇಕು. ದೂರ ಓಡಿಸಿದ ಮೇಲೆ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದರಿಂದ ಅಳತೆಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ತೆಗೆದುಕೊಳ್ಳಬೇಕು. ಕಡಿಮೆ ಗಾಳಿಯಲ್ಲಿ ಓಡುವ ಬೈಕು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ, ತಿರುವಿನಲ್ಲಿ ಹಿಡಿತವನ್ನೂ ಕಳೆದುಕೊಳ್ಳುತ್ತದೆ.

ನಿಜವಾಗಿ ಸ್ಪ್ಯಾನರ್ ಹಿಡಿಯುವ ಕೆಲಸಗಳಲ್ಲಿ ಮೊದಲು ಆಯಿಲ್ ಬದಲಾವಣೆಯನ್ನು ತಿಳಿದುಕೊಳ್ಳಿ; ಅದನ್ನು ಯಾವಾಗ ಶುರು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈ ಬೈಕಿನಲ್ಲಿ ಎಂಜಿನ್, ಗೇರ್ ಬಾಕ್ಸ್ ಮತ್ತು ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಆದ್ದರಿಂದ ಬಾಟಲಿಯ ಮೇಲೆ 10ಡಬ್ಲ್ಯೂ-30 ಎಂದಿದ್ದರೆ ಸಾಲದು, ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಹೊಂದುತ್ತದೆಂದು ಸೂಚಿಸುವ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತೂ ಇರಬೇಕು. ಕಾರಿನ ಆಯಿಲ್‌ನಲ್ಲಿಯೂ ಸ್ಕೂಟರಿನ ಎಂಬಿ ದರ್ಜೆಯ ಆಯಿಲ್‌ನಲ್ಲಿಯೂ ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಹೆಚ್ಚಿರಬಹುದು. ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿದುಕೊಳ್ಳುವುದೇ ಘರ್ಷಣೆಯಿಂದ, ಹಾಗಾಗಿ ಅಂಥ ಆಯಿಲ್ ಹಾಕಿದರೆ ಏರಿನಲ್ಲಿ ಎಂಜಿನ್ ಕಿರುಚುತ್ತದೆಯೇ ಹೊರತು ಬೈಕ್ ಮುಂದೆ ಹೋಗುವುದಿಲ್ಲ. ಎಷ್ಟು ಕಿ.ಮೀ.ಗೆ ಬದಲಿಸಬೇಕೆಂಬುದು ಮ್ಯಾನ್ಯುಯಲ್‌ನಲ್ಲಿದೆ. ನಿಮ್ಮ ದಾರಿಯ ಧೂಳು ಮತ್ತು ಬೈಕಿನ ವಯಸ್ಸನ್ನು ನೋಡಿದರೆ ಸಾಧಾರಣ ಮಿನರಲ್ ಆಯಿಲ್ಲನ್ನು ಮೂರು ಸಾವಿರ ಕಿ.ಮೀ. ಆಸುಪಾಸಿನಲ್ಲಿ, ಅಂದರೆ ಸುಮಾರು ಮೂರು ತಿಂಗಳಿಗೊಮ್ಮೆ, ಬದಲಿಸುವುದು ಒಳ್ಳೆಯದೆಂದು ನಾನು ಹೇಳುತ್ತೇನೆ.

ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಾಗಿ ತೆಳುವಾದರೆ ಕೊಳೆಯ ಸಮೇತ ಇಳಿದು ಬರುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಕೈ ಸುಡುತ್ತದೆ. ಮೊದಲು ಮೇಲಿನ ಡಿಪ್‌ಸ್ಟಿಕ್ ತೆಗೆಯಿರಿ, ಆಮೇಲೆ ಎಂಜಿನ್ ತಳದ ಡ್ರೇನ್ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಕೂರಿಸಿ. ಇಲ್ಲಿ ಹೊಸಬರಿಗೆ ದಿಕ್ಕು ತಪ್ಪುವುದು ಸಹಜ. ಬೋಲ್ಟಿನ ತಲೆ ನೆಲದ ಕಡೆಗಿದೆ, ನೀವು ನೋಡುತ್ತಿರುವುದು ಮೇಲಿನಿಂದ. ಬಿಚ್ಚುವ ದಿಕ್ಕು ಬೋಲ್ಟಿನ ತಲೆಗೆ ಎದುರಾಗಿ ನೋಡಿದಾಗ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಮೇಲಿನಿಂದ ನೋಡಿದವರಿಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಅನುಮಾನವಿದ್ದರೆ ತಲೆಯನ್ನು ನೆಲದವರೆಗೆ ಬಗ್ಗಿಸಿ ಕೆಳಗಿನಿಂದಲೇ ನೋಡಿ ದಿಕ್ಕು ಖಚಿತಪಡಿಸಿಕೊಳ್ಳಿ, ಏಕೆಂದರೆ ಬಿಚ್ಚಲೆಂದು ಹೋಗಿ ಇನ್ನಷ್ಟು ಬಿಗಿ ಮಾಡಿದರೆ ಅಲ್ಯೂಮಿನಿಯಂ ಎಂಜಿನ್ ಕೇಸಿನ ಥ್ರೆಡ್ (ಬೋಲ್ಟ್ ಕೂರುವ ಸುರುಳಿ ಗೆರೆಗಳು) ಕಿತ್ತುಬರುತ್ತದೆ.

ಆಯಿಲ್ ಇಳಿಯುವಾಗ ಅದನ್ನು ಗಮನಿಸಿ ನೋಡಿ. ಕಪ್ಪಾಗಿರುವುದು ದೋಷವಲ್ಲ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲೊಂದು. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಹೊಳೆಯುವ ಸಣ್ಣ ಪುಡಿ ಅಲ್ಲೊಂದು ಇಲ್ಲೊಂದು ಕಂಡರೆ ಹಳೆಯ ಎಂಜಿನ್‌ಗೆ ಅದು ಸಾಮಾನ್ಯ; ಚೂರುಗಳೇ ಬಂದರೆ ಬೈಕನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಗ್ಯಾರೇಜಿನಲ್ಲಿ ಈ ಮಾಹಿತಿ ನಿಮಗೆ ಸಿಗುತ್ತಿರಲಿಲ್ಲ. ಸ್ವಂತ ಸರ್ವಿಸ್‌ನಿಂದ ಆಗುವ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೇನೆ, ಉಳಿಯುವ ಕೂಲಿಯ ದುಡ್ಡು ಅದರ ನಂತರದ್ದು.

ಡ್ರೇನ್ ಬೋಲ್ಟನ್ನು ಒರೆಸಿ, ವಾಷರ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ, ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ ಕೂರಿಸಿ. ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ತೆಗೆದು ಮತ್ತೆ ಹಾಕಬೇಕು. ಸ್ಪ್ಯಾನರ್ ಹಚ್ಚಿ ಒತ್ತಾಯ ಮಾಡಬಾರದು. ಕೊನೆಯ ಬಿಗಿತ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಬಿಗಿತವನ್ನು ಅಳೆಯುವ ಟಾರ್ಕ್ ರೆಂಚ್ ಇಲ್ಲದವರಿಗೆ ಹೀಗೆ ಹೇಳಬಹುದು: 15 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 17 ಕಿಲೋ ತೂಕದಷ್ಟು ಎಳೆದರೆ ಆ ಬಿಗಿತ ಬರುತ್ತದೆ. ಒಂದು ಕೈಯ ಬಲಕ್ಕೆ ಮೀರಿದ್ದು ಇದಲ್ಲ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆಯುವುದು, ಕಾಲಿನಿಂದ ತುಳಿಯುವುದು ಎರಡೂ ಕೂಡದು. ಬೋಲ್ಟ್ ಸಡಿಲಾಗಿ ಬಿದ್ದುಹೋಗುತ್ತದೆಂಬ ಭಯದಿಂದ ಹೊಸಬರು ಅತಿಯಾಗಿ ಬಿಗಿ ಮಾಡುತ್ತಾರೆ. ಮನೆಯಲ್ಲಿ ಮಾಡಿಕೊಂಡ ಸರ್ವಿಸ್‌ನಿಂದ ಹಾಳಾಗಿ ಬರುವ ಬೈಕುಗಳಲ್ಲಿ ಸಡಿಲು ಬಿಟ್ಟ ಬೋಲ್ಟಿಗಿಂತ ಕಿತ್ತುಹೋದ ಥ್ರೆಡ್ಡನ್ನೇ ನಾನು ಹೆಚ್ಚು ಕಂಡಿದ್ದೇನೆ.

ಅಂಗಡಿಯಲ್ಲಿ ಸಿಗುವ 900 ಮಿ.ಲೀ. ಬಾಟಲಿಯನ್ನು ಒಮ್ಮೆಗೇ ಬಗ್ಗಿಸಬೇಡಿ. ಎಷ್ಟೇ ಇಳಿಸಿದರೂ ಒಳಗೆ ಸ್ವಲ್ಪ ಹಳೆಯ ಆಯಿಲ್ ಉಳಿದಿರುತ್ತದೆ. ಮುಕ್ಕಾಲು ಪಾಲಿಗಿಂತ ಕಡಿಮೆ ಹಾಕಿ, ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಎರಡು-ಮೂರು ನಿಮಿಷ ಕಾದು ಮಟ್ಟ ನೋಡಿ. ಡಿಪ್‌ಸ್ಟಿಕ್ಕನ್ನು ಒರೆಸಿ, ತಿರುಗಿಸಿ ಮುಚ್ಚದೆ ಹಾಗೆಯೇ ಇಳಿಬಿಟ್ಟು ತೆಗೆಯಬೇಕು. ತಿರುಗಿಸಿದರೆ ಕಡ್ಡಿ ಇನ್ನಷ್ಟು ಕೆಳಗಿಳಿದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬೈಕ್ ನೆಟ್ಟಗೆ ನಿಂತಿರಬೇಕು, ಸೈಡ್ ಸ್ಟ್ಯಾಂಡ್ ಮೇಲೆ ವಾಲಿದ್ದರೆ ಅಳತೆ ಸುಳ್ಳಾಗುತ್ತದೆ. ಮೇಲಿನ ಗೆರೆಯನ್ನು ದಾಟದಂತೆ ಸ್ವಲ್ಪ ಸ್ವಲ್ಪವಾಗಿ ತುಂಬಿಸಿ. ಇಳಿಸಿದ ಆಯಿಲ್ಲನ್ನು ಚರಂಡಿಗೋ ಹೊಲದ ಬದುವಿಗೋ ಚೆಲ್ಲಬೇಡಿ, ನಮ್ಮ ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಬಾಗಿಲು, ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಂತೆ ಅದನ್ನು ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಬಳಸಿದ ಎಂಜಿನ್ ಆಯಿಲ್ ಮೇಲಿಂದ ಮೇಲೆ ಚರ್ಮಕ್ಕೆ ತಾಗುವುದು ಆರೋಗ್ಯಕ್ಕೆ ಕೆಟ್ಟದ್ದಾದ್ದರಿಂದ ಅದನ್ನೂ ಬೇಡವೆನ್ನುತ್ತೇನೆ.

ಎರಡನೆಯ ಕೆಲಸ ಚೈನ್. ಸ್ಪ್ಲೆಂಡರ್‌ನ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುವುದು ಧೂಳಿನ ರಸ್ತೆಗೆ ವರದಾನ, ಆದರೆ ಕಣ್ಣಿಗೆ ಕಾಣದ್ದರಿಂದ ಅದು ಮರೆತೂ ಹೋಗುತ್ತದೆ. ನಿಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಕವರಿನ ಸಂದಿಯಿಂದ ಒಳಗೆ ಹೋಗಿ ಚೈನಿನ ಎಣ್ಣೆಯ ಜೊತೆ ಕಲಸಿಕೊಂಡರೆ ಸಾಣೆಯ ಪುಡಿಯಂತೆ ಪಿನ್ನುಗಳನ್ನು ತಿನ್ನುತ್ತದೆ. ತಿಂಗಳಿಗೊಮ್ಮೆ ಕವರಿನ ರಬ್ಬರ್ ಮುಚ್ಚಳ ತೆಗೆದು, ಬೆರಳಿನಿಂದ ಚೈನನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿ. ಒಟ್ಟು ಆಟ 25 ಮಿ.ಮೀ. ಆಸುಪಾಸಿನಲ್ಲಿರಬೇಕು. ಚಕ್ರವನ್ನು ಕೈಯಿಂದ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲವಾದ್ದರಿಂದ ಅತ್ಯಂತ ಬಿಗಿಯಿರುವ ಜಾಗದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಬಿಗಿ ಮಾಡಬೇಕಾದರೆ ಹಿಂದಿನ ಆ್ಯಕ್ಸಲ್ ನಟ್ ಮಾತ್ರವಲ್ಲ, ಚೈನ್ ಬದಿಯಲ್ಲಿರುವ ಸ್ಲೀವ್ ನಟ್ಟನ್ನೂ ಸಡಿಲಿಸಬೇಕು. ಇದನ್ನು ಮರೆತರೆ, ಚಕ್ರವನ್ನು ಹಿಂದಕ್ಕೆಳೆಯುವ ಅಡ್ಜಸ್ಟರ್ ತಿರುಗಿಸಿದರೂ ಅದು ಸರಿಯುವುದಿಲ್ಲ. ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಅರ್ಧರ್ಧ ಸುತ್ತಿನಂತೆ ಸಮನಾಗಿ ತಿರುಗಿಸಿ, ಗೆರೆಗಳು ಎರಡೂ ಕಡೆ ಒಂದೇ ಗುರುತಿನಲ್ಲಿವೆಯೇ ಎಂದು ನೋಡಿ. ಒಂದು ಗೆರೆ ಹೆಚ್ಚುಕಡಿಮೆಯಾದರೂ ಚಕ್ರ ಓರೆಯಾಗಿ ಕೂರುತ್ತದೆ. ‘ಮತ್ತೆ ಮತ್ತೆ ಮಾಡುವ ತಾಪತ್ರಯ ಬೇಡ’ ಎಂದು ಚೈನನ್ನು ಬಿಗಿಯಾಗಿ ಎಳೆದುಬಿಡುವವರಿದ್ದಾರೆ. ಸವಾರ ಕೂತು ಹಿಂಚಕ್ರ ಮೇಲೆ ಕೆಳಗೆ ಆಡುವಾಗ ಚೈನಿಗೆ ಸಡಿಲು ಬೇಕು, ಅದಿಲ್ಲದಿದ್ದರೆ ಪೂರ್ತಿ ಎಳೆತ ಗೇರ್ ಬಾಕ್ಸಿನ ಶಾಫ್ಟ್ ಮತ್ತು ಚಕ್ರದ ಬೇರಿಂಗ್ ಮೇಲೆ ಬೀಳುತ್ತದೆ. ತುಸು ಸಡಿಲಿರುವ ಚೈನ್ ಸದ್ದು ಮಾಡುತ್ತದೆ, ಅತಿ ಬಿಗಿಯಾದ ಚೈನ್ ಸದ್ದಿಲ್ಲದೆ ಬೇರಿಂಗ್ ತಿನ್ನುತ್ತದೆ.

ಎಣ್ಣೆ ಹಾಕಲು ಎಸ್‌ಎಇ 90 ಗೇರ್ ಆಯಿಲ್ ಸಾಕು. ಮಳೆಗಾಲ ಕಳೆದ ಮೇಲೊಮ್ಮೆ ಕವರ್ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ತಿಕ್ಕಿ, ಒಣಗಿಸಿ, ಹೊಸ ಎಣ್ಣೆ ಹಾಕಿ. ಪೆಟ್ರೋಲ್ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಆಗ ಚೈನಿನ ಎರಡು ತುದಿಗಳನ್ನು ಜೋಡಿಸುವ ಚೈನ್ ಲಾಕನ್ನೂ ನೋಡಿ: ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ, ಸೀಳಿರುವ ತುದಿ ಹಿಂದಕ್ಕೆ ಇರಬೇಕು. ಈ ಇಡೀ ಉತ್ತರದಲ್ಲಿ ನೀವು ಮರೆಯಲೇಬಾರದ ಒಂದು ವಿಷಯವಿದ್ದರೆ ಅದು ಇದು: ಚೈನ್ ಮುಟ್ಟುವಾಗ ಎಂಜಿನ್ ನಿಂತಿರಬೇಕು, ಕೀಲಿ ನಿಮ್ಮ ಜೇಬಿನಲ್ಲಿರಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದನ್ನು ಹಲವರು ಮಾಡುತ್ತಾರೆ. ಬಟ್ಟೆ ಚೈನಿನ ಹಲ್ಲುಚಕ್ರವಾದ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಬೆರಳು ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಲುಂಗಿ, ಸಡಿಲು ತೋಳಿನ ಅಂಗಿ, ಕೈಯ ದಾರ, ಉಂಗುರ ಯಾವುದೂ ಮೈಮೇಲೆ ಇರದಿರಲಿ.

ಚೈನ್ ಬಿಗಿ ಮಾಡಿದಾಗ ಚಕ್ರ ಹಿಂದಕ್ಕೆ ಸರಿದಿರುವುದರಿಂದ ಹಿಂದಿನ ಬ್ರೇಕ್ ರಾಡ್ ಎಳೆದುಕೊಂಡಿರುತ್ತದೆ. ಹಾಗಾಗಿ ಮುಂದಿನ ಕೆಲಸ ತಾನಾಗಿ ಬ್ರೇಕಿನದೇ. ಪೆಡಲ್ ಒತ್ತಿದಾಗ 20ರಿಂದ 30 ಮಿ.ಮೀ. ಖಾಲಿ ಇಳಿದ ಮೇಲೆ ಬ್ರೇಕ್ ಹಿಡಿಯಲು ಶುರುವಾಗಬೇಕು. ಡ್ರಮ್ಮಿನ ತೋಳಿನ ತುದಿಯಲ್ಲಿರುವ ನಟ್ ತಿರುಗಿಸಿ ಇದನ್ನು ಹೊಂದಿಸಿ, ಆಮೇಲೆ ಚಕ್ರವನ್ನು ಕೈಯಿಂದ ಸುತ್ತಿಸಿ. ಎಲ್ಲಿಯೂ ಉಜ್ಜದೆ ತಿರುಗಬೇಕು, ಬ್ರೇಕ್ ದೀಪ ಸರಿಯಾದ ಹೊತ್ತಿಗೆ ಹತ್ತಬೇಕು. ಡ್ರಮ್ಮಿನ ತೋಳಿನ ಬುಡದಲ್ಲಿ ಒಂದು ಸಣ್ಣ ಬಾಣವೂ ಪ್ಲೇಟಿನ ಮೇಲೆ ಒಂದು ಗುರುತೂ ಇವೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಬಾಣ ಆ ಗುರುತನ್ನು ಮುಟ್ಟಿದರೆ, ಡ್ರಮ್ಮಿನೊಳಗೆ ಉಜ್ಜಿ ಚಕ್ರ ನಿಲ್ಲಿಸುವ ಶೂ ಸವೆದು ಮುಗಿದಿದೆ, ಇನ್ನು ನಟ್ ಬಿಗಿ ಮಾಡಿ ಪ್ರಯೋಜನವಿಲ್ಲ. ಶೂ ಬದಲಾವಣೆಯನ್ನು ಮೊದಲ ಸಲ ಮೆಕ್ಯಾನಿಕ್ ಎದುರೇ ನಿಂತು ನೋಡಿ ಕಲಿಯಿರಿ. ಬ್ರೇಕ್ ಮುಟ್ಟಿದ ಮೇಲೆ ನೇರವಾಗಿ ರಸ್ತೆಗೆ ಹೋಗದೆ, ಅಂಗಳದಲ್ಲಿ ಬೈಕನ್ನು ತಳ್ಳಿಕೊಂಡು ಹೋಗಿ ಎರಡೂ ಬ್ರೇಕ್ ಹಿಡಿದು ನೋಡಿ, ನಂತರ ನಡಿಗೆಯ ವೇಗದಲ್ಲಿ ಓಡಿಸಿ ನೋಡಿ. ಡಿಸ್ಕ್ ಬ್ರೇಕ್ ಇರುವ ಬೈಕಿನವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಪ್ಯಾಡ್ ಸವೆತ ನೋಡುವುದು ನಿಮ್ಮ ಕೆಲಸ, ಬ್ರೇಕ್ ಫ್ಲೂಯಿಡ್ ಬದಲಿಸಿ ಗಾಳಿ ತೆಗೆಯುವುದು ಸದ್ಯಕ್ಕೆ ನಿಮ್ಮದಲ್ಲ.

ಇನ್ನುಳಿದವು ಚಿಕ್ಕವು. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರಲಿ, ಆಟವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಬಿಟ್ಟಂತೆ ಇದ್ದು ಪ್ಲೇಟ್ ಸುಟ್ಟುಹೋಗುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ಪೂರ್ತಿ ತಣಿದ ಮೇಲೆ, ಸುತ್ತಲಿನ ಧೂಳನ್ನು ಊದಿ ತೆಗೆದ ನಂತರವೇ ಬಿಚ್ಚಿ. ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಚೆನ್ನ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಆಯಿಲ್‌ನಿಂದ ಒದ್ದೆಯಾಗಿದ್ದರೆ ಎಂಜಿನ್ ಒಳಗೆ ಸವೆತವಿದೆ. ಮತ್ತೆ ಹಾಕುವಾಗ ಕೈಯಲ್ಲೇ ಕೊನೆಯವರೆಗೆ ತಿರುಗಿಸಿ. ಹೊಸ ಪ್ಲಗ್ಗಾದರೆ ಅಲ್ಲಿಂದ ಸುಮಾರು ಅರ್ಧ ಸುತ್ತು, ಹಳೆಯದಾದರೆ ಅದಕ್ಕಿಂತ ಕಡಿಮೆ. ಏರ್ ಫಿಲ್ಟರ್ ತೆಗೆದು ನೋಡಿದಾಗ ಎಣ್ಣೆ ಅಂಟಿದ ಕಾಗದದ ಮಡಿಕೆಗಳು ಕಂಡರೆ ಅದನ್ನು ತೊಳೆಯುವುದಾಗಲಿ ಗಾಳಿ ಹೊಡೆಯುವುದಾಗಲಿ ಸಲ್ಲದು, ಧೂಳು ಹಿಡಿಯುವುದು ಆ ಎಣ್ಣೆಯೇ. ಅದನ್ನು ಬದಲಿಸಬೇಕು, ಮತ್ತು ಮಣ್ಣಿನ ರಸ್ತೆಯಲ್ಲಿ ಓಡುವ ಬೈಕಿಗೆ ಮ್ಯಾನ್ಯುಯಲ್ ಹೇಳುವುದಕ್ಕಿಂತ ಮೊದಲೇ ಬದಲಿಸಬೇಕಾಗುತ್ತದೆ.

ಕೈ ಹಾಕಬಾರದವು ಯಾವುವು ಎಂದರೆ ಕಾರ್ಬ್ಯುರೇಟರಿನ ಒಳಭಾಗ, ಟ್ಯಾಪೆಟ್ (ಎಂಜಿನ್ ವಾಲ್ವ್‌ಗಳ ಸಂದಿ ಹೊಂದಿಸುವುದು), ಕ್ಲಚ್ ಪ್ಲೇಟ್, ಮುಂದಿನ ಫೋರ್ಕ್, ಚಕ್ರದ ಬೇರಿಂಗ್, ವೈರಿಂಗ್‌ನ ಜೋಡಣೆಗಳು. ಇವುಗಳ ಜೊತೆಗೆ ಇನ್ನೊಂದನ್ನು ವಿಶೇಷವಾಗಿ ಹೇಳಬೇಕು. ಈ ಎಂಜಿನ್‌ನಲ್ಲಿ ಕಾರಿನಂತೆ ಬಿಚ್ಚಿ ಬದಲಿಸುವ ಆಯಿಲ್ ಫಿಲ್ಟರ್ ಇಲ್ಲ. ಬಲಬದಿಯ ಕವರಿನೊಳಗೆ ಒಂದು ಜಾಲರಿಯೂ, ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಆಯಿಲ್ಲನ್ನು ಗಿರಗಿರನೆ ತಿರುಗಿಸಿ ಕೊಳೆಯನ್ನು ಅಂಚಿಗೆ ಎಸೆಯುವ ಒಂದು ಬಟ್ಟಲೂ (ಸೆಂಟ್ರಿಫ್ಯೂಗಲ್ ಫಿಲ್ಟರ್) ಇವೆ. ವರ್ಷಗಟ್ಟಲೆ ಆಯಿಲ್ ಮಾತ್ರ ಬದಲಿಸುತ್ತಾ ಬಂದ ಬೈಕುಗಳಲ್ಲಿ ಆ ಬಟ್ಟಲಿನೊಳಗೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಬೈಕು, ಅದನ್ನು ಯಾವಾಗ ಸ್ವಚ್ಛಗೊಳಿಸಿದ್ದರೆಂದು ನಿಮಗೆ ತಿಳಿಯದು. ಆದ್ದರಿಂದ ಒಮ್ಮೆ ಗ್ಯಾರೇಜಿಗೆ ಹೋಗಿ, ‘ಸರ್ವಿಸ್ ಮಾಡಿ’ ಎಂದು ಒಟ್ಟಾರೆ ಹೇಳುವ ಬದಲು, ‘ಬಲಬದಿಯ ಕವರ್ ಬಿಚ್ಚಿ ಜಾಲರಿ ಮತ್ತು ಸೆಂಟ್ರಿಫ್ಯೂಗಲ್ ಫಿಲ್ಟರ್ ಕ್ಲೀನ್ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ, ಟ್ಯಾಪೆಟ್ ನೋಡಿ, ಚೈನ್, ಬ್ರೇಕ್, ಪ್ಲಗ್ ನಾನು ನೋಡಿಕೊಂಡಿದ್ದೇನೆ’ ಎಂದು ಹೇಳಿ. ಕವರ್ ತೆಗೆದಾಗ ಅಲ್ಲೇ ನಿಂತು ನೋಡಲು ಅನುಮತಿ ಕೇಳಿ. ಇಷ್ಟು ತಿಳಿದು ಕೇಳುವವರಿಗೆ ಒಳ್ಳೆಯ ಮೆಕ್ಯಾನಿಕ್ ಬೇಡವೆನ್ನುವುದಿಲ್ಲ. ನಿಮ್ಮ ಮೊದಲ ಆಯಿಲ್ ಬದಲಾವಣೆಯನ್ನು ಈ ಕೆಲಸ ಆದ ಮೇಲಿನ ಸರದಿಗೆ ಇಟ್ಟುಕೊಂಡರೆ, ಇಳಿದು ಬರುವ ಆಯಿಲ್ ನಿಮ್ಮದೇ ಮೂರು ತಿಂಗಳ ಓಡಾಟದ್ದಾಗಿರುತ್ತದೆ, ಅದರಲ್ಲಿ ಕಂಡದ್ದನ್ನು ನೀವು ನಂಬಬಹುದು.